ಸೈಡ್‌ಕಾರಿನ ಸುದ್ದಿ

ಗಿರಣಿ ವಿರೂಪಾಕ್ಷಪ್ಪನ ಗೋದಾಮಿನಲ್ಲಿ ಆರು ಹಳೆಯ ಗಾಡಿಗಳಿವೆ. ಆರಕ್ಕೂ ಸೀಟು ಹೊಲಿದವಳು ನಾನು. ಆರರಲ್ಲಿ ನಾಲ್ಕರ ಸುದ್ದಿಯನ್ನು ಅವನ ಕಿವಿಗೆ ಹಾಕಿದವಳೂ ನಾನೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ; ಅಥವಾ ಜಂಬಕ್ಕೇ ಹೇಳುತ್ತಿದ್ದೇನೆ ಅನ್ನಿ, ಯಾರ ಗಂಟೇನು ಹೋಗುತ್ತದೆ? ಜಿನಗಾರ ಪದ್ದಕ್ಕ ಎಂದರೆ ಬಸ್ ನಿಲ್ದಾಣದಿಂದ ಕೆರೆಯ ಏರಿಯವರೆಗೆ ಯಾರು ಬೇಕಾದರೂ ನನ್ನ ಅಂಗಡಿ ತೋರಿಸುತ್ತಾರೆ. ನಮ್ಮ ಹಿರಿಯರು ಕುದುರೆಗೆ ಜೀನು ಹೊಲಿಯುತ್ತಿದ್ದರು, ನಾನು ಗಾಡಿಗೆ ಗಾದಿ ಹೊಲಿಯುತ್ತೇನೆ. ಮೇಲೆ ಕೂರುವವರ ಸೊಕ್ಕು ಮಾತ್ರ ಆಗಿನಷ್ಟೇ ಇದೆ.

ನಮ್ಮೂರಿನ ಹಳೆಯ ಗಾಡಿಗಳು ಬಲು ಹಟಮಾರಿ. ಶೋರೂಮಿನಿಂದ ಬಂದ ಹೊಸ ಗಾಡಿ ಯಾರು ಚಾವಿ ತಿರುಗಿಸಿದರೂ ಗುರ್ ಎನ್ನುತ್ತದೆ, ಅದಕ್ಕೆ ಮಾನ ಮರ್ಯಾದೆ ಇಲ್ಲ. ಅಜ್ಜನ ಕಾಲದ ಗಾಡಿ ಹಾಗಲ್ಲ. ಅದು ಮಾರಾಟಕ್ಕಿದೆ ಎಂಬ ಸುದ್ದಿಯನ್ನು ಯಾರ ಕಿವಿಗೆ ಇನ್ನೊಬ್ಬರು ತಾವಾಗಿಯೇ ತಂದು ಹಾಕಿದರೋ ಅವರಿಗೆ ಮಾತ್ರ ಶುರುವಾಗುತ್ತದೆ. ತಾನೇ ಕಂಡು ತಾನೇ ಕೊಂಡರೆ ಆಗದು. ಕೇಳಿ ಪಡೆದರೂ ಆಗದು. ಒಂದೇ ಸುದ್ದಿಯನ್ನು ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಇಲ್ಲ. ಇನ್ನು ಮಾರುವವರ ಮಾತಂತೂ ಲೆಕ್ಕಕ್ಕೇ ಇಲ್ಲ, ಮಾರುವವರು ಯಾರಿಗೆ ತಾನೇ ಹೇಳುವುದಿಲ್ಲ?

ಹೀಗೆ ತಪ್ಪು ಕೈಗೆ ಹೋಗಿ ಬಾಯಿ ಕಟ್ಟಿದ ಗಾಡಿಗಳಿಗೆ ಮೂಗಗಾಡಿ ಎನ್ನುತ್ತೇವೆ. ಊರ ತುಂಬ ಇವೆ. ಅಂಚೆ ಕಚೇರಿಯ ಹಿಂದಿನ ವ್ಯಾನಿನಲ್ಲಿ ಕೋಳಿ ಕಾವು ಕೂರುತ್ತವೆ. ಉದ್ದ ಮೂತಿಯ ಬಸ್ಸೊಂದರಲ್ಲಿ ಅಂಗನವಾಡಿ ನಡೆಯುತ್ತದೆ. ಚಹಾದಂಗಡಿಯ ಮುಂದಿನ ಕರಿ ಕಾರಿನ ಸೀಟಿನಲ್ಲಿ ಕೂತು ನಾವೆಲ್ಲ ಮಿರ್ಚಿ ತಿಂದಿದ್ದೇವೆ. ಆ ಕಾರನ್ನು ಕಂಡವನು ಚಹಾದಂಗಡಿಯವನು, ಸುದ್ದಿ ಕೊಟ್ಟದ್ದು ತನ್ನ ಹೆಂಡತಿಗೆ. ಒಂದೇ ಒಲೆಯ ಅನ್ನ ಉಣ್ಣುವವರು ಸುದ್ದಿಯ ಮಟ್ಟಿಗೆ ಒಬ್ಬರೇ ಎಂದು ಊರಿಗೆ ಗೊತ್ತಾದದ್ದು ಆಗಲೇ. ಗಂಡ ಹೆಂಡತಿ ಆ ಸಿಟ್ಟಿಗೆ ಸ್ವಲ್ಪ ದಿನ ಬೇರೆ ಬೇರೆ ಒಲೆ ಹೂಡಿದರು, ಕಾರು ಅದಕ್ಕೂ ಜಗ್ಗಲಿಲ್ಲ.

ಸುದ್ದಿ ಕೊಡುವುದಕ್ಕೂ ಒಂದು ಮರ್ಯಾದೆಯಿದೆ. ಕೊಡುವವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬರಬೇಕು. ಸುದ್ದಿ ಬಾಯಿಂದ ಇಳಿಯುವ ತನಕ ಮತ್ತೆ ಮೆಟ್ಟುವಂತಿಲ್ಲ. ಬರಿಗಾಲಲ್ಲಿ ಚಪ್ಪಲಿ ಹಿಡಿದು ಬೀದಿಯಲ್ಲಿ ಯಾರಾದರೂ ಬಂದರೆ ಗಾಡಿ ಹುಚ್ಚಿನವರ ಎದೆಯೆಲ್ಲ ಡವಡವ ಎನ್ನುತ್ತದೆ, ಆದರೆ ಒಬ್ಬರೂ ತಲೆ ಎತ್ತುವುದಿಲ್ಲ. ನೋಡಿದರೆ ಕೇಳಿದ ಹಾಗೆ. ಬಂದವರು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಮೊದಲು ಗಾಡಿಯ ಕುಂದು ಹೇಳುತ್ತಾರೆ, ಆಮೇಲೆ ಗುಣ, ಕಟ್ಟಕಡೆಗೆ ಅದು ಎಲ್ಲಿದೆ ಎನ್ನುವುದು. ಬೆಲೆಯ ಮಾತು ಎತ್ತುವುದು ಅಸಹ್ಯ. ಬೇಕಾದವರು ‘ಕಿವಿಗೆ ಬಿತ್ತು’ ಎನ್ನುತ್ತಾರೆ. ಬೇಡವಾದರೆ ‘ನಿಮ್ಮ ಬಾಯಾಗ ಇರಲಿ’ ಎಂದು ಮರೆತುಬಿಡುತ್ತಾರೆ. ತಾವೇ ಮೊದಲು ನೋಡಿದ್ದರೆ ‘ಕಂಡೈತಿ’ ಎಂದು ಒಪ್ಪಿಕೊಳ್ಳಬೇಕು. ಕಿವಿಗೆ ಬಿದ್ದ ಸುದ್ದಿಯನ್ನು ಗಾಡಿ ಮುಟ್ಟುವ ಮೊದಲು ಇನ್ನೊಬ್ಬರಿಗೆ ದಾಟಿಸಲೂಬಹುದು, ಆದರೆ ಕೈಗೆ ಬಂದದ್ದನ್ನು ಹಾಗೆ ದಾಟಿಸಿದ ಪುಣ್ಯಾತ್ಮರನ್ನು ನಾನಂತೂ ಕಂಡಿರಲಿಲ್ಲ.

ಕೇಳುವಂತಿಲ್ಲ ಎಂದಮೇಲೆ ಯಾರಿಗೆ ಏನು ಬೇಕು ಎಂದು ತಿಳಿಯುವುದು ಹೇಗೆ? ನೋಡಿ ತಿಳಿಯಬೇಕು. ಮೂರು ಗಾಲಿಯ ಟೆಂಪೋ ಕಂಡಾಗ ಯಾರು ಚಹಾ ಆರುವ ತನಕ ಸುಮ್ಮನಾಗುತ್ತಾರೆ, ಯಾರು ಬೇಕಂತಲೇ ಬೇರೆ ಕಡೆ ಮುಖ ತಿರುಗಿಸುತ್ತಾರೆ, ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಸೀಟು ಹೊಲಿಸಲು ಬಂದವರು ರೆಕ್ಸಿನ್ ಸವರುವ ರೀತಿ ನೋಡಿಯೇ ಅವರ ಮನಸ್ಸು ಹೇಳುತ್ತೇನೆ. ಅದೇ ನಾನು, ನನ್ನ ಮನಸ್ಸು ಮಾತ್ರ ಯಾರಿಗೂ ತೋರಿಸಿದವಳಲ್ಲ. ಪದ್ದಕ್ಕನಿಗೆ ಯಾವ ಗಾಡಿಯೂ ಬೇಡ, ಕೊಡುವುದೇ ಅವಳ ಸುಖ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ನಾನೂ ಆ ಹೆಸರನ್ನು ಕಿರೀಟ ಮಾಡಿಕೊಂಡು ಮೆರೆಯುತ್ತಿದ್ದೆ.

ನನಗೆ ಬೇಕಾದದ್ದು ಸೈಡ್‌ಕಾರ್ ಇರುವ ಮೋಟರ್‌ಸೈಕಲ್ಲು. ಅದೂ ನನ್ನ ಚಂದಕ್ಕಲ್ಲ, ನಮ್ಮವ್ವನಿಗೋಸ್ಕರ.

ಅವ್ವ ಅಂಬವ್ವನಿಗೆ ಎಂಬತ್ತು ದಾಟಿದೆ. ಮುಚ್ಚಿದ ಗಾಡಿ ಹತ್ತಿದರೆ ಅವಳಿಗೆ ಹೊಟ್ಟೆ ತೊಳಸುತ್ತದೆ. ತೊಳಸುತ್ತದೆ ಎಂದರೆ ಸಣ್ಣ ಮಾತಾಯಿತು. ಬಸ್ಸು ಊರ ಅಗಸೆ ಬಾಗಿಲು ದಾಟುವುದರೊಳಗೆ ಕಂಡಕ್ಟರ್ ತಾನೇ ಕೈಮುಗಿದು ಅವಳನ್ನು ಇಳಿಸುತ್ತಾನೆ. ಘಟ್ಟದ ಆಚೆ ಊರಿನಲ್ಲಿರುವ ಅವಳ ತಂಗಿ ಕಾಶವ್ವನದೂ ಇದೇ ಪಾಡು, ಮನೆತನದ ಬಳುವಳಿ. ಸ್ಕೂಟರಿನ ಹಿಂದೆ ಕೂರುವ ವಯಸ್ಸಲ್ಲ. ಒಂದು ಸಲ ಕಾಶವ್ವನನ್ನು ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದೆವು, ಆಮೇಲೆ ಅವಳು ಸೊಂಟ ಹಿಡಿದು ಮಲಗಿದ್ದೇ ಮಲಗಿದ್ದು. ಅಂದಿನಿಂದ ಅಕ್ಕ ತಂಗಿಯರು ಫೋನಿನಲ್ಲೇ ಬಾಳುತ್ತಿದ್ದರು. ಹಾಗೆ ಫೋನಿನಲ್ಲೇ ಗೊತ್ತಾಯಿತು, ಕಾಶವ್ವನ ಕಣ್ಣು ಹೋಗುತ್ತಿದೆ ಎಂದು. ಆಪರೇಷನ್ನಿನಿಂದ ಸರಿಹೋಗುವ ಕಣ್ಣಲ್ಲವಂತೆ, ದಿನದಿನಕ್ಕೆ ಸಣ್ಣಗಾಗುತ್ತ ಹೋಗುತ್ತದಂತೆ.

ಆ ದಿನ ಅವ್ವ ಫೋನು ಇಟ್ಟು ಕಟ್ಟೆಗೆ ಬಂದು ಕೂತಳು. ಆಮೇಲೆ, “ಆಕಿಗೆ ಪೂರಾ ಕತ್ತಲಾಗೂದ್ರಾಗ ಒಮ್ಮೆ ನನ್ನ ಮಾರಿ ನೋಡಿದ್ರ ಸಾಕಾಗಿತ್ತು” ಎಂದಳು. ಗಾಡಿ ಬೇಕು ಎನ್ನಲಿಲ್ಲ. ಅವಳಿಗೆ ಗಾಡಿಯ ಯೋಚನೆಯೇ ಇರಲಿಲ್ಲ. ಯೋಚನೆ ಇದ್ದದ್ದು ನನಗೆ. ತೆರೆದ ಗಾಡಿಯಲ್ಲಿ, ಕಾಲು ಚಾಚಿ, ಮುಖಕ್ಕೆ ಗಾಳಿ ತಗಲುವ ಹಾಗೆ ಕೂರಿಸಿದರೆ ಅವಳು ಘಟ್ಟ ದಾಟುತ್ತಾಳೆ. ಆ ವಾರವೇ ನಾನು ಅಂದಾಜಿನ ಮೇಲೆ ಒಂದು ಸೈಡ್‌ಕಾರಿನ ಗಾದಿ ಹೊಲಿದು ಅಂಗಡಿಯ ಮೂಲೆಯಲ್ಲಿ ಹಳೆಯ ಸೀಟುಗಳ ಕೆಳಗೆ ಹುದುಗಿಸಿಟ್ಟೆ. ಗಾಡಿ ಇಲ್ಲದ ಗಾದಿ. ನಮ್ಮೂರಿನಲ್ಲಿ ಕಾರು, ವ್ಯಾನು, ಗಂಟೆ ಬಾರಿಸುವ, ಬೆಂಕಿ ನಂದಿಸುವ ಗಾಡಿ ಕೂಡ ಇತ್ತು, ಸೈಡ್‌ಕಾರ್ ಮಾತ್ರ ಒಂದೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಕೋಟೆ ಓಣಿಯ ಸುಮಿತ್ರಾಬಾಯಿ ತೂಗುಮಂಚದ ಗಾದಿಗೆ ಅಳತೆ ತೆಗೆಯಲು ನನ್ನನ್ನು ವಾಡೆಗೆ ಕರೆಸಿದರು. ಅಳತೆ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ದನದ ಕೊಟ್ಟಿಗೆಯಲ್ಲಿ ಉಳ್ಳಾಗಡ್ಡಿಯ ರಾಶಿ. ರಾಶಿಯ ನಡುವೆ ಒಂದು ಹ್ಯಾಂಡಲ್. ಹ್ಯಾಂಡಲಿನ ಪಕ್ಕಕ್ಕೆ ದೋಣಿಯಂಥ ಮೂತಿ.

ನಾನು ಕಣ್ಣು ಮುಚ್ಚಿಕೊಂಡೆ. ನಿಜವಾಗಿ ಗಟ್ಟಿಯಾಗಿ ಮುಚ್ಚಿಕೊಂಡೆ, ನೋಡಿದ್ದನ್ನು ನೋಡದ ಹಾಗೆ ಮಾಡಬಹುದೇನೋ ಎಂದು. ಎಷ್ಟು ಮುಚ್ಚಿದರೇನು? ಕಂಡದ್ದು ಕಂಡಾಗಿತ್ತು. ಇಷ್ಟು ದಿನ ಆಸೆಪಟ್ಟ ಗಾಡಿಯನ್ನು ನಾನೇ ಕಂಡುಬಿಟ್ಟು ನನ್ನ ಕೈಯಿಂದ ನಾನೇ ಕಳೆದುಕೊಂಡಿದ್ದೆ.

“ಅದೇನವಾ ಹಂಗ ನಿಂತಿ? ನಮ್ಮ ಮಾವನವರ ಕಾಲದ್ದದು” ಎಂದರು ಸುಮಿತ್ರಾಬಾಯಿ. “ಅಮಾಸಿ ಆದಮ್ಯಾಲೆ ಎಮ್ಮಿ ಬರ್ತದ, ಜಾಗ ಬೇಕಾಗೇದ. ಯಾರರೆ ತಗೊಂಡ್ರ ಛಲೋ, ಇಲ್ಲಂದ್ರ ಗುಜರಿಯವಗ ಹೇಳೇನಿ, ಸುತಗಿ ತಂದು ಒಡಕೊಂಡು ಒಯ್ತಾನ.”

ಸುತ್ತಿಗೆ ಎಂಬ ಮಾತು ಕೇಳಿ ನಾನು ಕೈಯನ್ನೂ ತೊಳೆಯದೆ ಹೊರಬಿದ್ದೆ.

ನಿಯಮದ ಪ್ರಕಾರ ನಾನು ಚಪ್ಪಲಿ ಕೈಗೆತ್ತಿಕೊಂಡು ಹೊರಡಬೇಕಿತ್ತು, ಯಾರಾದರೂ ಒಬ್ಬರಿಗೆ ಆ ಸುದ್ದಿ ಕೊಡಬೇಕಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೇ ಮನೆಗೆ ಬಂದೆ. ಅಷ್ಟು ವರ್ಷದಲ್ಲಿ ಅದೇ ಮೊದಲು. ಅವ್ವನಿಗೆ ನಾನು ಹೇಳುವ ಹಾಗಿರಲಿಲ್ಲ, ನಮ್ಮದು ಒಂದೇ ಒಲೆ. ನಾನಂತೂ ಕಂಡವಳು. ಬೇರೆಯವರಿಗೆ ಕೊಟ್ಟರೆ ಗಾಡಿ ಅವರದು. ಇರುವ ದಾರಿ ಒಂದೇ ಎಂದು ಆಗ ತೋರಿತು: ಇನ್ನೊಬ್ಬರು ಆ ಗಾಡಿಯನ್ನು ತಾವಾಗಿ ಕಂಡು, ತಾವಾಗಿ ಬಂದು ನನಗೇ ಹೇಳಬೇಕು. ಆಗ ‘ಕಿವಿಗೆ ಬಿತ್ತು’ ಎಂದುಬಿಡುವುದು. ನಾನು ಮೊದಲೇ ಕಂಡದ್ದು ನನಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲವಲ್ಲ. ಇದು ಕಳ್ಳಬುದ್ಧಿ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ನನ್ನ ಪಕ್ಕದಂಗಡಿ ತಗಡು ಕೆಲಸದ ಬಾಬಾಜಾನನದು. ಒಳ್ಳೆಯ ಮನುಷ್ಯ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಎರಡು ದಿನದಲ್ಲಿ ತೂಗುಮಂಚದ ಗಾದಿ ಹೊಲಿದು ಮುಗಿಸಿ, ಅದನ್ನು ಅವನ ತಲೆಯ ಮೇಲೆ ಹೊರಿಸಿ, “ಬಾಬಾಜಾನ, ಇದನ್ನ ಸುಮಿತ್ರಾಬಾಯಾರ ವಾಡೇಕ ಮುಟ್ಟಿಸಿ ಬಾರಪಾ. ಹಿತ್ತಲ ಬಾಗಿಲಿಂದ ಹೋಗು, ಮುಂದಿನ ಬಾಗಿಲು ಸಣ್ಣದೈತಿ” ಎಂದೆ. ವಾಡೆಯ ಮುಂಬಾಗಿಲಲ್ಲಿ ಆನೆ ಹೋಗುತ್ತದೆ. ಪಾಪ, ಅವನು ಹೂಂ ಎಂದು ಹೋದ.

ನಾನು ಹೊಲಿಗೆ ಮಷೀನಿನ ಮುಂದೆ ಕೂತು ಬೀದಿಯ ಕಡೆ ನೋಡದಂತೆ ನೋಡುತ್ತಿದ್ದೆ. ಬಾಬಾಜಾನ ಬಂದಾಗ ಮಧ್ಯಾಹ್ನದ ಬಿಸಿಲು ಇಳಿದಿತ್ತು. ಕಾಲಲ್ಲಿ ಚಪ್ಪಲಿ ಇದ್ದವು. ಮುಖ ಅರಳಿತ್ತು.

“ಅಕ್ಕಾ, ಇವತ್ತ ನಂದೂ ಒಂದು ಪುಣ್ಯದ ಕೆಲಸ ಆತು ನೋಡ” ಎಂದ. “ಒಂದು ಭಾರಿ ಸುದ್ದಿ ಸಿಕ್ಕಿತ್ತು, ಕೊಟ್ಟು ಬಂದೆ. ಏನಂತ ಕೇಳಬ್ಯಾಡ, ಯಾರಿಗಂತ ಕೇಳಬ್ಯಾಡ. ನಿನಗ ಹೇಳೋಣಂದ್ರ ನಿನಗ ಗಾಡಿ ಹುಚ್ಚ ಇಲ್ಲ.”

ಕೇಳುವ ಅಗತ್ಯವೇ ಬೀಳಲಿಲ್ಲ. ಅವನ ಅಂಗಿಯ ಹೆಗಲ ಮೇಲೆ, ಹುಬ್ಬಿನ ಮೇಲೆ ಜೋಳದ ಹಿಟ್ಟು ಕೂತಿತ್ತು. ಊರಿನಲ್ಲಿ ಗಿರಣಿ ಇರುವುದು ಒಂದೇ.

ವಿರೂಪಾಕ್ಷಪ್ಪನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅವನು ಊರವರಿಂದೆಲ್ಲ ಸುದ್ದಿ ಪಡೆದವನು, ಒಬ್ಬರಿಗೂ ಒಂದು ಸುದ್ದಿ ಕೊಟ್ಟವನಲ್ಲ. ಅವನಿಗೆ ನಾವೆಲ್ಲ ಹಿಂದಿನಿಂದ ನುಂಗಪ್ಪ ಎನ್ನುತ್ತಿದ್ದೆವು, ಹೆಸರಿಟ್ಟವಳು ನಾನೇ. ಅವನ ಆರೂ ಗಾಡಿಗಳು ಗೋದಾಮಿನಲ್ಲಿ ಬಟ್ಟೆ ಹೊದ್ದು ನಿಂತಿವೆ. ಆಗೀಗ ಶುರು ಮಾಡಿ ಸದ್ದು ಕೇಳಿ ಮತ್ತೆ ಹೊದಿಸುತ್ತಾನೆ, ಬೀದಿಗೆ ತರುವುದಿಲ್ಲ. ಗಾದಿ ಕೊಳೆಯಾಗುತ್ತದೆ ಎಂದು ಹೆಂಡತಿಯನ್ನು ಕೂಡ ಒಮ್ಮೆಯೂ ಕೂರಿಸಿದವನಲ್ಲ. ಅಂಥವನ ಬಳಿ ಹೋಗಿ ನಮ್ಮವ್ವನನ್ನು ಘಟ್ಟದಾಚೆ ಬಿಟ್ಟು ಬಾ ಎಂದು ಕೇಳುವುದುಂಟೆ? ಕೇಳಿದರೂ ಅವನು ನಕ್ಕಾನು. ನಾನೇ ಜಾಣತನ ಮಾಡಿ, ನಾನೇ ಬಾಬಾಜಾನನ ತಲೆಗೆ ಹೊರೆ ಏರಿಸಿ, ಅವ್ವನ ಸೈಡ್‌ಕಾರನ್ನು ಆ ಗೋದಾಮಿಗೆ ಏಳನೆಯದಾಗಿ ಕಳಿಸಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಅವ್ವ, “ಯಾಕವಾ, ನಿನಗೂ ಹೊಟ್ಟಿ ತೊಳಸಾಕ ಹತ್ತೇತೇನು?” ಎಂದು ಕೇಳಿದಳು. ಅಳು ಬಂತು, ಒಗ್ಗರಣೆಯ ಘಾಟು ಎಂದೆ.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು ಒಂದು ಜೀಪಿನ ಸೀಟಿಗೆ ತೆಂಗಿನ ನಾರಿನ ಕಾಥಾ ತುಂಬುತ್ತ ಕೂತಿದ್ದೆ. ಎದುರಿಗೆ ನೆರಳು ಬಿತ್ತು. ತಲೆ ಎತ್ತಿದರೆ ವಿರೂಪಾಕ್ಷಪ್ಪ. ದೊಡ್ಡ ಮನುಷ್ಯ, ದೊಡ್ಡ ಹೊಟ್ಟೆ, ರೇಷ್ಮೆ ಅಂಚಿನ ಧೋತರ. ಕೈಯಲ್ಲಿ ಚಪ್ಪಲಿ.

ನನ್ನ ಕೈಯಿಂದ ಕಾಥಾ ಜಾರಿತು. ಆ ಮನುಷ್ಯನ ಕೈಯಲ್ಲಿ ಚಪ್ಪಲಿ ಕಂಡವರು ಊರಿನಲ್ಲಿ ಯಾರೂ ಇಲ್ಲ. ಅವನು ಚೌಕಟ್ಟು ಹಿಡಿದು, ಏದುಸಿರು ಬಿಡುತ್ತ, ನನ್ನೆದುರು ಕುಕ್ಕರುಗಾಲಲ್ಲಿ ಕೂರಲು ನೋಡಿದ. ಹೊಟ್ಟೆ ಅಡ್ಡ ಬಂತು. ಮತ್ತೊಮ್ಮೆ ನೋಡಿ ಹೇಗೋ ಕೂತ.

“ಬಾಜೂ ಗಾಡಿ ಗಾಲಿ ಕಡ್ಡಿ ಮುರದಾವು” ಎಂದು ಶುರು ಮಾಡಿದ. ಸುದ್ದಿ ಕೊಡುವುದು ರೂಢಿಯಿಲ್ಲ, ಪಾಠ ಒಪ್ಪಿಸುವವರ ಹಾಗೆ ಹೇಳುತ್ತಿದ್ದ. “ಟಾಕಿ ತಳ ತುಕ್ಕ ಹಿಡದೈತಿ. ಉಳ್ಳಾಗಡ್ಡಿ ನಾತ ಹೋಗಾಕ ವರ್ಷ ಬೇಕು. ಇನ್ನ ಗುಣ ಅಂದ್ರ, ಎಂಜಿನ್ ಜಾಮ್ ಆಗಿಲ್ಲ. ಮ್ಯಾಲೆ ಚಾವಣಿ ಇಲ್ಲ, ಕುಂತವರಿಗೆ ಗಾಳಿ ಛಲೋ ಬಡೀತೈತಿ. ಎಲ್ಲೈತಪಾ ಅಂದ್ರ...”

“ಅಣ್ಣಾರ” ಎಂದೆ.

ಅವನು ಕೈ ಎತ್ತಿ ತಡೆದ. “ಪೂರಾ ಹೇಳಾಕ ಬಿಡು. ಇಲ್ಲಂದ್ರ ಮರೀತೇನಿ. ಕ್ವಾಟಿ ಓಣಿ, ಸುಮಿತ್ರಾಬಾಯಾರ ದನದ ಕ್ವಟಗಿ.” ಹೇಳಿ ಮುಗಿಸಿ ಹಣೆ ಒರೆಸಿಕೊಂಡ.

ಈಗ ನಾನು ಎರಡೇ ಮಾತು ಹೇಳಬೇಕಿತ್ತು. ಕಿವಿಗೆ ಬಿತ್ತು. ಅಷ್ಟು ಹೇಳಿದ್ದರೆ ಅವನು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ. ಮಾತು ನಾಲಗೆಯ ತುದಿಗೇ ಬಂದಿತ್ತು. ಆದರೆ ಆ ಮನುಷ್ಯ ಕೂತ ರೀತಿ ನೋಡಿ ನನಗೆ ನಾಚಿಕೆಯಾಯಿತು. ಮೊಣಕಾಲು ನೋವಿನವನು, ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಸುದ್ದಿ ತಂದಿದ್ದಾನೆ, ಒಂದು ಕುಂದೂ ಮುಚ್ಚಿಡದೆ ಹೇಳಿದ್ದಾನೆ. ನಾನು ಈ ಊರಿಗೆ ಇಷ್ಟು ವರ್ಷ ಶುದ್ಧ ಸುದ್ದಿ ಕೊಟ್ಟವಳು. ಅವನ ಮೊದಲ ಸುದ್ದಿಗೆ ಸುಳ್ಳು ಬೆರೆಸಿ ಒಂದು ಮೂಗಗಾಡಿ ಹುಟ್ಟಿಸಿ, ಅದರಲ್ಲಿ ಅವ್ವನನ್ನು ಕೂರಿಸಿ ಕಿಕ್ ಹೊಡೆಯುತ್ತ ನಿಲ್ಲುವುದೇ?

“ಕಂಡೈತಿ” ಎಂದೆ.

ಅವನ ಮುಖ ಸಣ್ಣದಾಯಿತು. “ಯಾವಾಗ?”

“ಗಾದಿ ಅಳತಿಗೆ ಹೋದಾಗ.”

ಅವನು ಹೊಟ್ಟೆ ಕುಣಿಸಿಕೊಂಡು ನಕ್ಕ. “ಹಂಗಾರ ಬಾಬಾಜಾನನ್ನ ಹಿತ್ತಲ ಬಾಗಿಲಿಗೆ ಅಟ್ಟಿದಾಕಿ ನೀನ! ಅಂವ ಹೇಳಿದಾಗ ಅಂದ್ಕೊಂಡೆ, ಆ ಮುಂದಿನ ಬಾಗಿಲು ಸಣ್ಣದು ಹೆಂಗಾತು ಅಂತ.”

“ತಪ್ಪಾತ್ರಿ ಅಣ್ಣಾರ” ಎಂದೆ. ಸಾಮಾನ್ಯವಾಗಿ ನಾನು ಹಾಗೆ ಅನ್ನುವವಳಲ್ಲ.

“ತಪ್ಪಿಂದ ಬಿಡು. ನಿನಗ ಗಾಡಿ ಬ್ಯಾಡಂತ ಊರೆಲ್ಲ ಅಂತೈತಿ. ನಾ ನಂಬಿಲ್ಲ” ಎಂದು ಮೂಲೆಯ ಸೀಟುಗಳ ರಾಶಿಯ ಕಡೆ ಗದ್ದ ತೋರಿಸಿದ. “ಹೋದ ತಿಂಗಳ ನನ್ನ ಜೀಪಿನ ಸೀಟು ಒಯ್ಯಾಕ ಬಂದಾಗ ಕೆಳಗ ಆ ಗಾದಿ ನೋಡೇನಿ. ಅದು ಕುರ್ಚೀದಲ್ಲ, ಕಾರಿಂದಲ್ಲ. ಗಾಡಿ ಇಲ್ಲದ ಗಾದಿ ಯಾರ ಹೊಲೀತಾರ? ಮ್ಯಾಲೆ ನಿಮ್ಮವ್ವ. ವಾರಾ ಜ್ವಾಳ ಹೊತ್ಕೊಂಡು ಗಿರಣಿಗೆ ಬರ್ತಾಳ. ಹಿಟ್ಟಾಗೂ ತನಾ ಒಂದ ಮಾತು, ತಂಗಿ ಕಣ್ಣಿಂದು. ಗಿರಣಿ ಸಪ್ಪಳದಾಗ ನನಗ ಕೇಳಸಂಗಿಲ್ಲಂತ ಆಕಿ ತಿಳದಾಳ. ನಲವತ್ತ ವರ್ಷಾತು ಆ ಸಪ್ಪಳದಾಗ ಕುಂತು. ಎಲ್ಲಾ ಕೇಳಸ್ತೈತಿ.”

ಊರಿನವರ ಮನಸ್ಸನ್ನೆಲ್ಲ ಓದುತ್ತೇನೆ ಎಂದು ಮೆರೆದವಳು ನಾನು. ನನ್ನ ಮನಸ್ಸನ್ನು ಓದಿದವನು ಒಬ್ಬನಿದ್ದ, ಅವನಿಗೆ ನಾನು ನುಂಗಪ್ಪ ಎಂದು ಹೆಸರಿಟ್ಟಿದ್ದೆ. ಅವನು ಕೊಡದೆ ಇದ್ದದ್ದು ಜಿಪುಣತನಕ್ಕೋ, ಯಾರಿಗೆ ಹೇಗೆ ಕೊಡಬೇಕೆಂಬ ಸಂಕೋಚಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇರಬಹುದು. ಆದರೆ ಆ ಗಳಿಗೆಯಲ್ಲಿ ಅವನ ಕಾಲಿಗೆ ಬೀಳಬೇಕು ಅನಿಸಿತು.

“ನೀ ಕಂಡೀ ಅಂದಮ್ಯಾಲೆ ನಿನಗ ಆಗಂಗಿಲ್ಲ” ಎಂದ ಅವನು, ತನಗೆ ತಾನೇ ಹೇಳಿಕೊಳ್ಳುವ ಹಾಗೆ. “ಸುದ್ದಿ ಮತ್ತ ನನ್ನ ಬಾಯಾಗ ಉಳೀತು.”

ಉಳಿದರೆ ಗಾಡಿ ಅವನದು. ನ್ಯಾಯವಾಗಿ ಅವನದು. ಬಾಬಾಜಾನ ಕೊಟ್ಟಿದ್ದಾನೆ, ಅವನ ಕಿವಿಗೆ ಬಿದ್ದಿದೆ, ಇನ್ನೂ ಗಾಡಿ ಮುಟ್ಟಿಲ್ಲ. ಆಗ ನನಗೆ ಫಕ್ಕನೆ ಹೊಳೆಯಿತು, ಅವ್ವ! ನಾನು ಅವ್ವನಿಗೆ ಹೇಳುವಂತಿಲ್ಲ, ಆದರೆ ವಿರೂಪಾಕ್ಷಪ್ಪ ಹೇಳಬಹುದು. ಅವನ ಒಲೆ ಬೇರೆ. ಅವ್ವ ಗಾಡಿಯನ್ನು ಕಂಡಿಲ್ಲ, ಕೇಳಿಲ್ಲ. ಗಾಡಿ ಯಾರದೋ ಅವರ ಕೈ ಹ್ಯಾಂಡಲಿಗೆ ತಾಗಿದ್ದರೆ ಸಾಕು, ಕಿಕ್ ಹೊಡೆಯುವವರು ಯಾರಾದರೂ ಆಗಬಹುದು. ಅವರು ಮೇಲೆ ಕೂತಿರುವ ತನಕ ಓಡಿಸುವವರೂ ಯಾರಾದರೂ ಆಗಬಹುದು. ಮುದುಕಿಯರಿಗೆ ಗಾಡಿಯ ಸುದ್ದಿ ಕೊಡಬಾರದು ಎಂದು ಯಾರೂ ಹೇಳಿಲ್ಲ, ಯಾರಿಗೂ ಹೊಳೆದಿರಲಿಲ್ಲ ಅಷ್ಟೆ.

ಬಾಯಿ ತೆರೆದೆ. ತೆರೆದದ್ದನ್ನು ಹಾಗೇ ಮುಚ್ಚಿದೆ. ಒಂದು ಮಾತು ಹೇಳಿದರೂ 'ಕೇಳಿದ' ಹಾಗೆ ಆಗುತ್ತದೆ. ಕಣ್ಸನ್ನೆ ಮಾಡಿದರೂ ಕೇಳಿದ ಹಾಗೆಯೇ. ಹುಟ್ಟಿದಾಗಿನಿಂದ ವಟವಟ ಎನ್ನುವ ನಾನು ಹೊಲಿಗೆಯ ದಾರವನ್ನು ಹಲ್ಲಿಗೆ ಕಚ್ಚಿಕೊಂಡು, ತಲೆ ತಗ್ಗಿಸಿ, ಜೀಪಿನ ಸೀಟಿಗೆ ಕಾಥಾ ತುಂಬತೊಡಗಿದೆ. ಎಷ್ಟು ತುಂಬಿದೆನೆಂದರೆ ಆಮೇಲೆ ಆ ಸೀಟು ಯಾರನ್ನೂ ಕೂರಗೊಡುತ್ತಿರಲಿಲ್ಲ, ಮುಂದಕ್ಕೆ ಜಾರಿಸುತ್ತಿತ್ತು.

ವಿರೂಪಾಕ್ಷಪ್ಪ ಎದ್ದ ಸದ್ದು ಕೇಳಿಸಿತು. ಅವನು ಬಾಗಿಲಲ್ಲಿ ನಿಂತ. ಹೋಗಲಿಲ್ಲ. ನಾನು ರೆಕ್ಸಿನ್ ತುಂಡಿನ ಕೆಳಗಿನಿಂದ ಅವನ ಪಾದ ನೋಡಿದೆ. ಬರಿಗಾಲು. ಚಪ್ಪಲಿ ಇನ್ನೂ ಕೈಯಲ್ಲೇ ಇದ್ದವು. ಆ ಪಾದಗಳು ಬೀದಿಗೆ ತಿರುಗಲಿಲ್ಲ; ಅಂಗಡಿಯ ಪಕ್ಕದ ನಮ್ಮ ಮನೆಯ ಕಟ್ಟೆಯ ಕಡೆ ತಿರುಗಿದವು. ಕಟ್ಟೆಯ ಮೇಲೆ ಅವ್ವ ಅಲಸಂದಿ ಹಸನು ಮಾಡುತ್ತ ಕೂತಿದ್ದಳು.

ದಾರ ಕಚ್ಚಿ ಕಚ್ಚಿ ನನ್ನ ತುಟಿಯಲ್ಲಿ ರಕ್ತ ಬಂತು.

“ಏನಪಾ ತಮ್ಮಾ, ನಮ್ಮ ಹಿಟ್ಟ ನಿನ್ನೇನ ಒಯ್ದೇವಲ್ಲ” ಎಂದಳು ಅವ್ವ. ಆಮೇಲೆ ಅವನು ಕೂರಲು ಪಡುವ ಪಾಡು ನೋಡಿ, “ಯಾಕ ಕುಂಡರಾಕ ಒದ್ದಾಡಾಕತ್ತೀ, ಕಟ್ಟಿ ಮ್ಯಾಲ ಕುಂಡರು.”

“ಬ್ಯಾಡ ಯವ್ವಾ, ಇದಕ್ಕ ಹಿಂಗ ಕುಂಡರಬೇಕು” ಎಂದ ವಿರೂಪಾಕ್ಷಪ್ಪ. ಮತ್ತೆ ಗಾಲಿಯಿಂದ ಶುರು ಮಾಡಿದ. ಗಾಲಿಯ ಕಡ್ಡಿ, ಟಾಕಿಯ ತುಕ್ಕು, ಉಳ್ಳಾಗಡ್ಡಿಯ ನಾತ. ಈ ಸಲ ತಡವರಿಸಲಿಲ್ಲ. ಅಲಸಂದಿಯ ಮೊರದಲ್ಲಿ ಅವ್ವನ ಕೈ ನಿಂತದ್ದು ನನಗೆ ಕೇಳಿಸಿತು. ಈ ಊರಿನಲ್ಲಿ ಹುಟ್ಟಿ ಬೆಳೆದವಳು. ಎದುರಿಗೆ ಚಪ್ಪಲಿ ಹಿಡಿದು ಕೂತವರು ಏನು ಕೊಡುತ್ತಿದ್ದಾರೆ ಎಂದು ಅವಳಿಗೆ ಹೇಳಿಕೊಡಬೇಕೇ?

“ಅದು ಮುಚ್ಚಿದ್ದೋ ತೆರೆದಿದ್ದೋ?” ಎಂದು ಬಹಳ ಮೆಲ್ಲಗೆ ಕೇಳಿದಳು.

“ತೆರೆದಿದ್ದು ಯವ್ವಾ. ಮಾರಿಗೆ ಗಾಳಿ ಬಡೀತೈತಿ.”

ಅವ್ವ ಸೆರಗಿನಿಂದ ಒಂದು ಕಿವಿ ಒರೆಸಿದಳು, ಆಮೇಲೆ ಇನ್ನೊಂದು. “ಕಿವಿಗೆ ಬಿತ್ತಪಾ” ಎಂದಳು. “ಎರಡೂ ಕಿವಿಗೆ ಬಿತ್ತು.”

ವಿರೂಪಾಕ್ಷಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟ. ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ನೋಡಲಿಲ್ಲ. ನಾನು ದಾರ ಉಗುಳಿ ಹೊರಗೆ ಓಡಿ ಬಂದು ಅವನ ಬೆನ್ನಿಗೆ ಕೈಮುಗಿದೆ. ಬೀದಿಯಲ್ಲಿದ್ದವರು ಪದ್ದಕ್ಕನಿಗೆ ಏನಾಯಿತು ಎಂದು ನೋಡಿದರು. ನೋಡಲಿ.

ಅಂದೇ ಅವ್ವನನ್ನು ಕೈಹಿಡಿದು ಕೋಟೆ ಓಣಿಗೆ ನಡೆಸಿಕೊಂಡು ಹೋದೆ. ವ್ಯವಹಾರ ಅವ್ವ ಮತ್ತು ಸುಮಿತ್ರಾಬಾಯಿ ಇಬ್ಬರೇ ಕೂತು ಮುಗಿಸಿದರು, ನನ್ನನ್ನು ಹತ್ತಿರ ಸೇರಿಸಲಿಲ್ಲ. ಬಾಬಾಜಾನ ತಾನೇ ಬಂದು ಗಾಲಿಗೆ ಕಡ್ಡಿ ಹಾಕಿದ, ಟಾಕಿಗೆ ತಗಡು ಬೆಸೆದ. ಅಂದು ಹಿತ್ತಲ ಬಾಗಿಲಿಗೆ ಯಾಕೆ ಕಳಿಸಿದ್ದೆ ಎಂದು ತಿಳಿದ ಮೇಲೆ ಅವನು ನನ್ನ ಜೊತೆ ಒಂದು ವಾರ ಮಾತು ಬಿಟ್ಟ, ಎಂಟನೆಯ ದಿನ ಹೊಟ್ಟೆ ಉಬ್ಬಿ ತಾನೇ ಬಂದ. ನಾನು ಅಂದಾಜಿನ ಮೇಲೆ ಹೊಲಿದಿದ್ದ ಗಾದಿ ನಾಲ್ಕು ಬೆರಳು ದೊಡ್ಡದಾಯಿತು. ಅಳತೆಯಲ್ಲಿ ನಾನು ತಪ್ಪಿದ್ದು ಅದೊಂದೇ ಸಲ, ಬರೆದಿಟ್ಟುಕೊಳ್ಳಿ. ಬಿಚ್ಚಿ ಮತ್ತೆ ಹೊಲಿದೆ.

ಹೊರಡುವ ಬೆಳಗ್ಗೆ ಬೀದಿಗೆ ಬೀದಿಯೇ ನೆರೆದಿತ್ತು. ಅವ್ವ ಇಳಕಲ್ ಸೀರೆ ಉಟ್ಟು, ತಲೆಗೆ ನನ್ನ ಉಣ್ಣೆ ಟೊಪ್ಪಿಗೆ ಹಾಕಿ, ಸೈಡ್‌ಕಾರಿನಲ್ಲಿ ಕಾಲು ಚಾಚಿ ಕೂತಳು. ಹ್ಯಾಂಡಲಿನ ಮೇಲೆ ಅವಳ ಕೈ ಇಟ್ಟೆ. ಹಗುರ ಕೈ. ನಾನು ಕಿಕ್ ಹೊಡೆದೆ. ಸದ್ದಿಲ್ಲ. ಇನ್ನೊಮ್ಮೆ ಹೊಡೆದೆ. ಏನಾದರೂ ತಪ್ಪಿತೇ, ನನ್ನ ಮುಖದಲ್ಲೇ ನಾನು ಕೇಳಿಬಿಟ್ಟಿದ್ದೆನೇ ಎಂದು ಅವ್ವನ ಕಡೆ ನೋಡಿದೆ. “ಏ, ಏಳ” ಎಂದು ಅವ್ವ ಎಮ್ಮೆ ಎಬ್ಬಿಸುವ ಹಾಗೆ ಹ್ಯಾಂಡಲಿಗೆ ಒಂದು ಏಟು ಹಾಕಿದಳು. ಮುಂದಿನ ಒದೆತಕ್ಕೆ ಗಾಡಿ ಉಳ್ಳಾಗಡ್ಡಿ ಸಿಪ್ಪೆಗಳನ್ನು ಹೊಗೆಯ ಜೊತೆ ಕಾರಿ ಗುಡುಗಿತು. ಊರು ಕೂಗಿಕೊಂಡಿತು. ಗಿರಣಿಯ ಬಾಗಿಲಲ್ಲಿ ವಿರೂಪಾಕ್ಷಪ್ಪ ಹಿಟ್ಟಿನ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದ, ನಗುತ್ತಿದ್ದ.

ಘಟ್ಟದಲ್ಲಿ ಪ್ರತಿ ತಿರುವಿಗೂ ನಾನು ಬಗ್ಗಿ ಅವ್ವನ ಮುಖ ನೋಡಿದೆ. ಟೊಪ್ಪಿಗೆ ಕಿತ್ತು ಮಡಿಲಿಗೆ ಹಾಕಿಕೊಂಡಿದ್ದಳು. ಬಿಳಿ ಕೂದಲು ಹಾರಾಡುತ್ತಿತ್ತು. ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದಳು. ಹೊಟ್ಟೆ ತೊಳಸಲಿಲ್ಲ, ಒಂದು ಸಲ ಕೂಡ. “ಇನ್ನಷ್ಟ ಜೋರ ಬಿಡ” ಎಂದು ಕೂಗಿದಳು. ನಾನು ಅಳುತ್ತ ಗಾಡಿ ಓಡಿಸಿದೆ, ಗಾಳಿಗೆ ಕಣ್ಣೀರು ಕಿವಿಯ ಕಡೆ ಹರಿಯಿತು.

ಕಾಶವ್ವನ ಮನೆಯ ಮುಂದೆ ಗಾಡಿ ನಿಂತಾಗ ಸದ್ದಿಗೆ ಅವಳೇ ಹೊರಗೆ ಬಂದಳು. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಯಾರದು ಎಂದು ಗೋಡೆ ಹಿಡಿದು ನಿಂತಳು. ಅವ್ವ ನನ್ನ ಹೆಗಲು ಹಿಡಿದು ಇಳಿದಳು. ಅವಳ ಕಾಲು ನೆಲ ಮುಟ್ಟಿದ್ದೇ ತಡ ಎಂಜಿನ್ ತಾನಾಗಿಯೇ ನಿಂತಿತು. ಆ ಮೌನದಲ್ಲಿ ಅವ್ವ ನಡೆದು ಹೋಗಿ ತಂಗಿಯ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತಳು. ಕಾಶವ್ವ ಕಣ್ಣು ಕಿರಿದು ಮಾಡಿ, ಕುತ್ತಿಗೆ ಓರೆ ಮಾಡಿ, ಹಣೆ, ಮೂಗು, ಗದ್ದ ಎಂದು ಒಂದೊಂದನ್ನೇ ನೋಡಿದಳು. ಅವಸರ ಮಾಡಲಿಲ್ಲ.

“ಎಷ್ಟ ಮುದುಕಿ ಆಗೀಯವಾ ಅಂಬಕ್ಕ” ಎಂದಳು ಕೊನೆಗೆ.

“ಕಾಣ್ತೈತಿ ಹಂಗಾರ” ಎಂದಳು ಅವ್ವ.

ಕಾಶವ್ವನ ಹಿಟ್ಟಿನ ಕೈಯನ್ನೂ ಲೆಕ್ಕಿಸದೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನು ಅಂಗಡಿ ಬಿಟ್ಟು ಬಂದದ್ದು, ಸಂಜೆಯೊಳಗೆ ಘಟ್ಟ ಇಳಿಯಬೇಕಾದದ್ದು ನೆನಪಾಗಿ, “ಅವ್ವಾ, ಎಷ್ಟೊತ್ತಿಗೆ ಹೊರಡೂಣು?” ಎಂದು ಕೇಳಿದೆ.

ಅವ್ವ ತಂಗಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಗಾಡಿ ನಂದು” ಎಂದಳು. “ಈಕಿ ನನ್ನ ನೋಡಿ ಮುಗಿಸಲಿ. ನಾ ಹತ್ತಿದಾಗ ಹೊರಡತೈತಿ.”

ನಾನು ಗಾಡಿಯನ್ನು ಬೇವಿನ ನೆರಳಿಗೆ ತಳ್ಳಿ ನಿಲ್ಲಿಸಿ, ರೊಟ್ಟಿ ಬಡಿಯಲು ಒಳಗೆ ಹೋದೆ.